ಹಸಿ ಗಾರೆಯ ಲೆಕ್ಕ: ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿ ಬಂದೆ

ನಾನು ಮೂವತ್ತೆಂಟು ವರ್ಷ ಬೋರ್ಡು ಬರೆದವನು. ಪುತ್ತೂರು, ವಿಟ್ಲ, ಸುಳ್ಯದ ಅಂಗಡಿಗಳ ಹೆಸರು, ಬಸ್ಸುಗಳ ನೆತ್ತಿಯ ಮೇಲಿನ ಊರುಗಳು, ಜಾತ್ರೆಯ ಬಟ್ಟೆ ಬ್ಯಾನರು, ಭಜನಾ ಮಂದಿರದ ಗೋಡೆಯ ಗರುಡ. ಫ್ಲೆಕ್ಸ್ ಬಂದು ನಮ್ಮ ಬ್ರಷ್ಷಿಗೆ ಬತ್ತಿ ಇಟ್ಟ ಮೇಲೆ ಮನೆಗಳಿಗೆ ಬಣ್ಣ ಬಳಿದು ದಿನ ದೂಡಿದೆ. ಈ ಕಸುಬಿನ ರೋಗವೊಂದಿದೆ. ಯಾವ ಗೋಡೆಯನ್ನು ನೋಡಿದರೂ ಮೊದಲು ಕಾಣುವುದು ಅದರ ಮೇಲಿನ ಚಿತ್ರವಲ್ಲ, ಅದರ ಒಳಗಿನ ತೇವ. ಮದುವೆಮನೆಗೆ ಹೋದರೂ ಮೂಲೆಯಲ್ಲಿ ಬೂಷ್ಟು ಎದ್ದಿದೆಯೇ ಎಂದು ಕಣ್ಣು ಹುಡುಕುತ್ತದೆ. ಹೆಂಡತಿ ಎಷ್ಟೋ ಸಲ ಮೊಣಕೈಯಲ್ಲಿ ತಿವಿದಿದ್ದಾಳೆ.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ಎಂದರೆ ಗೋಡೆ, ಚಾವಣಿಯೆಲ್ಲ ಚಿತ್ರ ತುಂಬಿದ, ಕಾಲೇಜೊಂದರ ಪ್ರಾರ್ಥನಾಮಂದಿರ. ಅದರ ಬಗ್ಗೆ ಬರೆಯುವವರೆಲ್ಲ ಅದರ ಅಂದವನ್ನೇ ಹೊಗಳಿ ಮುಗಿಸುತ್ತಾರೆ. ನನಗೆ ಅದು ಸಾಲದು ಅನ್ನಿಸಿತು. ಗೋಡೆಯ ಲೆಕ್ಕದಲ್ಲಿ ಒಂದು ಅಭಿಪ್ರಾಯ ಬರಲಿ ಎಂದು ಬರೆಯುತ್ತಿದ್ದೇನೆ.

ಹೋಗಲು ಕಾರಣ ಮೊಮ್ಮಗಳು. ಅಲ್ಲಿ ಬಿಎಸ್ಸಿ ಓದುತ್ತಿದ್ದಾಳೆ. "ಅಜ್ಜ, ನಮ್ಮ ಕಾಲೇಜಿನ ಚಾಪೆಲ್ ನೀವು ನೋಡಲೇಬೇಕು" ಎಂದು ಎರಡು ವರ್ಷದಿಂದ ಹೇಳುತ್ತಿದ್ದಳು. ಹೇಳಿದ ಮರುಕ್ಷಣ "ಕಾಲೇಜಲ್ಲ, ಈಗ ವಿಶ್ವವಿದ್ಯಾಲಯ" ಎಂದು ತಾನೇ ತಿದ್ದಿಕೊಳ್ಳುತ್ತಾಳೆ. 2024ರಲ್ಲಿ ಅದಕ್ಕೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿತು. ಸಿಕ್ಕಿದರೇನು, ಹಂಪನಕಟ್ಟೆಯ ರಿಕ್ಷಾದವರ ಬಾಯಲ್ಲಿ ಅದು ಇಂದಿಗೂ ‘ಅಲೋಶಿಯಸ್ ಕಾಲೇಜು’. ಇನ್ನು ಐವತ್ತು ವರ್ಷ ಹೋದರೂ ಹಾಗೆಯೇ ಇರುತ್ತದೆ ಎಂದು ಬರೆದುಕೊಡುತ್ತೇನೆ.

ಬಿಜೈಯಲ್ಲಿ ಬಸ್ಸಿಳಿದು, ಸಿಟಿ ಬಸ್ಸು ಹಿಡಿದು ಹಂಪನಕಟ್ಟೆಗೆ ಬಂದೆ. ಅಲ್ಲಿಂದ ರಿಕ್ಷಾ ಕೇಳಿದರೆ "ಅಷ್ಟು ಹತ್ತಿರಕ್ಕೆ ಯಾಕೆ ಮಾರಾಯ್ರೇ, ನಡೆದರೆ ಐದು ನಿಮಿಷ" ಎಂದರು. ಐದು ನಿಮಿಷ ಅವರ ಕಾಲಿಗೆ. ಬಾವುಟಗುಡ್ಡದ ಏರು ಅರುವತ್ತು ದಾಟಿದ ಮಂಡಿಗೆ ಹದಿನೈದು ನಿಮಿಷ. ಮಂಡಿ ನೋವಿರುವವರು ರಿಕ್ಷಾದವರ ಮಾತು ಕೇಳಬೇಡಿ, ಹಟ ಹಿಡಿದು ಹತ್ತಿ ಕುಳಿತುಕೊಳ್ಳಿ.

ಏರುವಾಗ ನಿಂತು ನಿಂತು ಹೋದದ್ದರಿಂದ ಒಂದು ಲಾಭವಾಯಿತು, ಗುಡ್ಡವನ್ನು ಸರಿಯಾಗಿ ನೋಡಿದೆ. ಹಳೆಯ ದೀಪಸ್ತಂಭ ಇಲ್ಲಿದೆ, ಈದ್ಗಾ ಇಲ್ಲಿದೆ. 1837ರಲ್ಲಿ ನಮ್ಮ ಸುಳ್ಯದ ಕಡೆಯಿಂದ ಬಂದ ರೈತರ ದಂಡು ಇಂಗ್ಲಿಷರ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದೂ ಇದೇ ಗುಡ್ಡದಲ್ಲಿ. ಆ ದಂಡಿನ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ಈಚೆಗೆ ನಿಲ್ಲಿಸಿದ್ದಾರೆ. ಅವರ ಎದುರು ಒಂದು ನಿಮಿಷ ಉಸಿರು ತೆಗೆದುಕೊಂಡೆ. ಊರಿನವರು ಸಿಕ್ಕ ಹಾಗಾಯಿತು.

ಚಾಪೆಲ್ಲಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಚಪ್ಪಲಿ ಬಿಚ್ಚಿದೆ. ಯಾರೂ ಬಿಚ್ಚಿ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಹೊರಗಿನಿಂದ ನೋಡಿದರೆ ಅಂಥ ಅಬ್ಬರವೇನೂ ಇಲ್ಲ, ಹೆಂಚಿನ ಮಾಡಿನ ಉದ್ದನೆಯ ಕಟ್ಟಡ. ಒಳಗೆ ಕಾಲಿಟ್ಟೆ.

ನಿಜ ಹೇಳಬೇಕೆಂದರೆ ಮೊದಲ ಐದು ನಿಮಿಷ ನನಗೆ ಹಿಡಿಸಲಿಲ್ಲ. ಬೋರ್ಡು ಬರೆಯುವವನಿಗೆ ಗುರುಗಳು ಕಲಿಸುವ ಮೊದಲ ಪಾಠ ಖಾಲಿ ಜಾಗ ಬಿಡುವುದು. ಅಕ್ಷರಕ್ಕೆ ಉಸಿರಾಡಲು ಎಡೆ ಬೇಕು. ಇಲ್ಲಿ ಅಂಗೈ ಅಗಲದ ಎಡೆಯೂ ಇಲ್ಲ. ಗೋಡೆ, ಕಮಾನಿನ ಒಳಮೈ, ಕಿಟಕಿಗಳ ನಡುವಿನ ಪಟ್ಟಿ, ಮಾಡಿನ ಇಳಿಜಾರು, ನಡುವಿನ ಚಾವಣಿ, ಎಲ್ಲ ಕಡೆ ಚಿತ್ರ, ಚಿತ್ರದ ಸುತ್ತ ಬಳ್ಳಿ, ಬಳ್ಳಿಯ ಸುತ್ತ ಚೌಕಟ್ಟು. ಜಾತ್ರೆಯ ದಿನ ತೇರಿನ ಎದುರು ನಿಂತ ಹಾಗೆ ಕಣ್ಣು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಹಾಗಾಗಿ ಒಂದು ಬೆಂಚಿನಲ್ಲಿ ಕುಳಿತೆ. ಇದೇ ನನ್ನ ಮೊದಲ ಸಲಹೆ: ಕುಳಿತುಕೊಳ್ಳಿ. ಬಸ್ಸಿನಲ್ಲಿ ಬಂದ ಪ್ರವಾಸಿಗರ ಗುಂಪೊಂದು ಬಂದು, ಕತ್ತೆತ್ತಿ ನೋಡಿ, ‘ಭಾರತದ ಸಿಸ್ಟೀನ್ ಚಾಪೆಲ್’ (ಸಿಸ್ಟೀನ್ ಎಂದರೆ ರೋಮಿನಲ್ಲಿರುವ, ಚಾವಣಿಯ ಚಿತ್ರಗಳಿಗೆ ಹೆಸರಾದ ಚಾಪೆಲ್) ಎಂದು ತಮ್ಮ ಮುಂದಾಳು ಹೇಳಿದ್ದನ್ನು ಕೇಳಿ, ಹತ್ತು ನಿಮಿಷದಲ್ಲಿ ಹೊರಟುಹೋಯಿತು. ಅವರಿಗೆ ಕಂಡದ್ದು ನನಗೆ ಮೊದಲ ಐದು ನಿಮಿಷದಲ್ಲಿ ಕಂಡ ಗಲಾಟೆ ಮಾತ್ರ. ಇಪ್ಪತ್ತು ನಿಮಿಷ ಕುಳಿತರೆ ಗಲಾಟೆ ತಾನಾಗಿ ಸಾಲು ಹಿಡಿಯುತ್ತದೆ. ನಡುವಿನ ಚಾವಣಿಯಲ್ಲಿ ಸಂತ ಅಲೋಶಿಯಸನ ಕಥೆ ಒಂದೊಂದೇ ಅಂಕವಾಗಿ ಸಾಗುತ್ತದೆ. ಅದರ ಕೆಳಗೆ ಯೇಸುವಿನ ಶಿಷ್ಯರು, ಇನ್ನಷ್ಟು ಸಂತರು, ಹೂಮಾಲೆ ಹಿಡಿದ ದೇವದೂತ ಮಕ್ಕಳು. ಯೇಸುವಿನ ಬದುಕಿನ ದೃಶ್ಯಗಳು ಬೇರೆ. ಒಮ್ಮೆ ಈ ಅಂತಸ್ತು ತಿಳಿಯಿತೆಂದರೆ ಇದು ನಮ್ಮ ದೇವಸ್ಥಾನದ ಮುಖಮಂಟಪದ ಮರದ ಕೆತ್ತನೆಯ ಲೆಕ್ಕವೇ. ಎಲ್ಲ ತುಂಬಿರುತ್ತದೆ, ಆದರೆ ಪ್ರತಿಯೊಂದಕ್ಕೂ ಅದರದೇ ಆದ ಪಟ್ಟಿ ಇರುತ್ತದೆ.

ಅಲೋಶಿಯಸನ ಕಥೆ ನನಗೆ ಗೊತ್ತಿರಲಿಲ್ಲ, ಮೊಮ್ಮಗಳು ಕಿವಿಯಲ್ಲಿ ಹೇಳಿದಳು. ಇಟಲಿಯ ದೊಡ್ಡ ಮನೆತನದ ಹಿರಿಮಗ, ಗೊನ್ಜಾಗಾ ವಂಶ, ಹುಟ್ಟಿದ್ದು 1568ರಲ್ಲಿ. ಅಪ್ಪನ ಆಸ್ತಿ, ಪಟ್ಟ ಎಲ್ಲವನ್ನೂ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿತರೆಂಬ ಕೆಥೊಲಿಕ್ ಸನ್ಯಾಸಿಗಳ ಸಂಘ ಸೇರಿದ. ರೋಮಿನಲ್ಲಿ ಪಿಡುಗು ಬಂದಾಗ ರೋಗಿಗಳನ್ನು ಹೊತ್ತು ತಂದು ಆರೈಕೆ ಮಾಡಿದ, ಅದೇ ರೋಗ ತಗಲಿ 1591ರಲ್ಲಿ ತೀರಿಕೊಂಡ. ಆಗ ಅವನಿಗೆ ಇಪ್ಪತ್ತಮೂರು. "ನಮ್ಮ ಎಂಎಸ್ಸಿ ಅಣ್ಣಂದಿರ ವಯಸ್ಸು ಅಜ್ಜ" ಎಂದಳು. ಓದುವ ಮಕ್ಕಳಿಗೆ ಅವನೇ ಪಾಲಕ ಸಂತ ಏಕೆ ಎನ್ನುವುದು ಆಗ ತಿಳಿಯಿತು. ಆಸ್ತಿಯನ್ನು ತಮ್ಮನಿಗೆ ಬರೆದುಕೊಟ್ಟವನ ಚಿತ್ರ ನಮ್ಮ ಜಿಲ್ಲೆಯ ಸಿವಿಲ್ ಕೋರ್ಟುಗಳ ಗೋಡೆಯಲ್ಲೂ ಒಂದೊಂದು ಇದ್ದರೆ ಒಳ್ಳೆಯದಿತ್ತು.

ಈಗ ಕೆಲಸದ ವಿಷಯ. ಇದನ್ನು ಮಾಡಿದವರು ಬ್ರದರ್ ಅಂತೋನಿಯೊ ಮೊಸ್ಕೇನಿ. ಇಟಲಿಯ ಬೆರ್ಗಾಮೊ ಹತ್ತಿರದ ಸ್ತೆಜ್ಜಾನೊ ಎಂಬಲ್ಲಿ 1854ರಲ್ಲಿ ಹುಟ್ಟಿದವರು. ಬೆರ್ಗಾಮೊದ ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತವರು. ಮೂವತ್ತೈದರ ಪ್ರಾಯದಲ್ಲಿ, 1889ರಲ್ಲಿ, ಜೆಸ್ವಿತರ ಜೊತೆ ಸೇರಿದರು. ಪಾದ್ರಿಯಾಗಿ ಅಲ್ಲ, ಬ್ರದರ್ ಆಗಿ. ಅಂದರೆ ಪೂಜೆಯ ಪಟ್ಟವಿಲ್ಲ, ಕೈಕೆಲಸದ ಪಾಲು. ಇದನ್ನು ಕೇಳಿ ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಪೂಜೆ ಮಾಡುವವರ ಹೆಸರು ಕಲ್ಲಿನಲ್ಲಿ ಬರೆಯುತ್ತಾರೆ, ಆ ಕಲ್ಲಿನ ಮೇಲೆ ಬರೆಯುವವನು ಅಂಗಳದಲ್ಲಿ ಊಟ ಮಾಡಿ ಹೋಗುತ್ತಾನೆ. ಇಲ್ಲಿ ಮಾತ್ರ ಲೆಕ್ಕ ತಲೆಕೆಳಗಾಗಿದೆ. ಆ ಕಾಲದ ಪಾದ್ರಿಗಳ ಹೆಸರು ಈಗ ದಾಖಲೆಯ ಪುಸ್ತಕಗಳಲ್ಲಿದೆ, ಬ್ರದರನ ಹೆಸರು ಊರಿನ ಬಾಯಲ್ಲಿದೆ.

ಇಲ್ಲಿನ ಚಿತ್ರಗಳು ಒಟ್ಟು 829 ಚದರ ಮೀಟರ್. ಅದರಲ್ಲಿ 600 ಚದರ ಮೀಟರಿನಷ್ಟು ಫ್ರೆಸ್ಕೊ, ಅಂದರೆ ಹಸಿ ಗಾರೆಯ ಮೇಲೆ ಬರೆದದ್ದು. ಉಳಿದ 229 ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದಲ್ಲಿ ಬರೆದು ಕೂರಿಸಿದ್ದು. ನಮಗೆ ಮೀಟರು ತಿಳಿಯುವುದಿಲ್ಲ, ಚದರ ಅಡಿಗೆ ತಂದರೆ ಸುಮಾರು 8,900. ಕೆಲಸ ನಡೆದದ್ದು 1899ರಿಂದ 1901ರವರೆಗೆ, ಎರಡೂವರೆ ವರ್ಷ. ಭಾನುವಾರ ಕಳೆದರೆ ಎಂಟುನೂರು ದಿನವೂ ಸಿಗುವುದಿಲ್ಲ. ಬೆಂಚಿನಲ್ಲಿ ಕುಳಿತೇ ಮೊಬೈಲಿನಲ್ಲಿ ಭಾಗಿಸಿದೆ: ದಿನಕ್ಕೆ ಹನ್ನೊಂದು ಹನ್ನೆರಡು ಚದರ ಅಡಿ. ಒಂದು ಬಾಗಿಲಿನ ಅರ್ಧಕ್ಕಿಂತ ತುಸು ಹೆಚ್ಚು. ಇದೇನು ಮಹಾ ಎನ್ನುವವರು ಒಂದು ಮುಖ, ಎರಡು ಕೈ, ಮಡಿಕೆ ಬಿದ್ದ ಒಂದು ನಿಲುವಂಗಿ ಇರುವ ಅರ್ಧ ಬಾಗಿಲನ್ನು ಕತ್ತು ಹಿಂದಕ್ಕೆ ಬಾಗಿಸಿ ಅಟ್ಟಳಿಗೆಯ ಮೇಲೆ ನಿಂತು ಬರೆದು ತೋರಿಸಲಿ. ಮರುದಿನ ಮತ್ತೊಂದು ಅರ್ಧ. ಸಹಾಯಕ್ಕೆ ಕೈಗಳಿದ್ದಿರಬೇಕು, ಗಾರೆ ಕಲಸಲು, ಬಣ್ಣ ಅರೆಯಲು. ಆದರೂ ಕಣ್ಣು ಒಂದೇ.

ಹಸಿ ಗಾರೆಯ ಕೆಲಸ ಎಂದರೇನೆಂದು ಇಲ್ಲಿ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ನಾವು ಈಗ ಮಾಡುವುದು ಒಣ ಗೋಡೆಗೆ ಪುಟ್ಟಿ, ಪ್ರೈಮರ್, ಮೇಲೆ ಬಣ್ಣ. ಬಣ್ಣ ಗೋಡೆಯ ಮೇಲೆ ಅಂಗಿ ತೊಟ್ಟ ಹಾಗೆ ಕುಳಿತಿರುತ್ತದೆ. ಅಂಗಿ ಹರಿಯುತ್ತದೆ. ಫ್ರೆಸ್ಕೊದಲ್ಲಿ ಸುಣ್ಣದ ಗಾರೆಯನ್ನು ಆ ದಿನ ಬರೆಯುವಷ್ಟೇ ಜಾಗಕ್ಕೆ ಬಳಿಯುತ್ತಾರೆ. ಅದು ಆರುವ ಮೊದಲು, ನೀರಿನಲ್ಲಿ ಕಲಸಿದ ಬಣ್ಣದಿಂದ ಬರೆಯುತ್ತಾರೆ. ಅಂಟು ಬೇಡ, ಎಣ್ಣೆ ಬೇಡ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ, ಕಲ್ಲಾಗುವಾಗ ಬಣ್ಣವನ್ನು ತನ್ನೊಳಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಅದು ಅಂಗಿಯಲ್ಲ, ಚರ್ಮ. ಆದರೆ ಬೆಳಿಗ್ಗೆ ಹಾಕಿದ ಗಾರೆ ಸಂಜೆಗೆ ಬಣ್ಣ ಕುಡಿಯುವುದನ್ನು ನಿಲ್ಲಿಸುತ್ತದೆ. ತಪ್ಪಿದರೆ ಒರೆಸಿ ತಿದ್ದುವಂತಿಲ್ಲ, ಅಷ್ಟು ಗಾರೆಯನ್ನು ಕೆತ್ತಿ ತೆಗೆದು ಮರುದಿನ ಹೊಸದಾಗಿ ಹಾಕಬೇಕು. ಬಣ್ಣಗಳಲ್ಲಿಯೂ ಸುಣ್ಣದ ಉರಿ ತಾಳುವಂಥವೇ ಬೇಕು, ಕಾವಿ, ಹಳದಿ ಮಣ್ಣು, ಇಂಥವು. ಒದ್ದೆಯಲ್ಲಿ ಕಂಡ ಬಣ್ಣ ಆರಿದ ಮೇಲೆ ತಿಳಿಯಾಗುತ್ತದೆ. ಅಂದರೆ ಬರೆಯುವಾಗಲೇ ನಾಳೆಯ ಬಣ್ಣ ಕಣ್ಣಿಗೆ ಕಾಣಬೇಕು.

ನಮ್ಮ ಕರಾವಳಿಗೆ ಇದು ತೀರ ಅಪರಿಚಿತವೂ ಅಲ್ಲ. ಉಡುಪಿ, ಉತ್ತರ ಕನ್ನಡ, ಗೋವೆಯ ಹಳೆಯ ದೇವಸ್ಥಾನಗಳ ಕಾವಿ ಕಲೆ ನೋಡಿದ್ದೀರಲ್ಲ? ಅಲ್ಲಿಯೂ ಸುಣ್ಣದ ಗಾರೆ ಹಸಿಯಿರುವಾಗಲೇ ಕೆಮ್ಮಣ್ಣಿನ ಪದರ ಕೊಟ್ಟು, ಅದನ್ನು ಕೆರೆದು ಕೆಳಗಿನ ಬಿಳಿಯನ್ನು ಹೊರಗೆ ತರುತ್ತಾರೆ. ಎರಡೇ ಬಣ್ಣ. ಮೊಸ್ಕೇನಿಯವರ ಗೋಡೆಯನ್ನು ನೋಡುವಾಗ ನನಗೆ ಆ ಕಾವಿಯವರ ನೆನಪೇ ಬಂತು, ಆ ಪ್ರಸಿದ್ಧ ಸಿಸ್ಟೀನಿನದ್ದಲ್ಲ. ಸಿಸ್ಟೀನಿನ ಹೋಲಿಕೆ ಕೇಳಿ ಕೇಳಿ ಸಾಕಾಗಿದೆ. ರೋಮಿನಲ್ಲಿ ಚಾವಣಿ ಬರೆದ ಮೈಕೆಲಾಂಜೆಲೊ 1508ರಿಂದ 1512ರವರೆಗೆ ನಾಲ್ಕು ವರ್ಷ ಆ ಕೆಲಸದಲ್ಲಿದ್ದ, ಅವನ ಶೈಲಿ ಬೇರೆ, ಮೈಕಟ್ಟಿನ ಪೈಲ್ವಾನರು ಆಕಾಶದಿಂದ ಬೀಳುವ ಹಾಗೆ. ಇಲ್ಲಿನವರು ಮೃದು ಜನ, ಮುಖಗಳು ಪಕ್ಕದ ಮನೆಯವರ ಹಾಗೆ ಸಮಾಧಾನದ ಮುಖಗಳು. ಒಂದೇ ಒಂದು ಕಡೆ ಹೋಲಿಕೆ ನನಗೆ ಸರಿಕಂಡದ್ದು: ಮೈಕೆಲಾಂಜೆಲೊ ಬರೆದ ಮೊದಲ ಭಾಗಕ್ಕೂ ಬೂಷ್ಟು ಎದ್ದಿತ್ತಂತೆ. ಗಾರೆ ಹೆಚ್ಚು ನೀರಾಗಿತ್ತು. ದೊಡ್ಡವರಿಗೂ ತೇವ ಬಿಟ್ಟಿಲ್ಲ.

ನನ್ನನ್ನು ಬಿಟ್ಟೀತೇ? ಹಲವು ವರ್ಷಗಳ ಹಿಂದೆ ಒಂದು ಊರಿನ ಸಭಾಭವನದ ವೇದಿಕೆಯ ಹಿಂಗೋಡೆಗೆ ಗೀತೋಪದೇಶ ಬರೆದಿದ್ದೆ. ಹದಿನಾರು ಅಡಿ ಉದ್ದ, ನಾಲ್ಕು ಬಿಳಿ ಕುದುರೆ. ಉದ್ಘಾಟನೆಯ ದಿನ ಹತ್ತಿರ ಬಂತೆಂದು ಗೋಡೆಯ ಪ್ಲಾಸ್ಟರ್ ಸರಿಯಾಗಿ ಆರುವ ಮೊದಲೇ ಎನಾಮೆಲ್ ಹೊಡೆಯಲು ಅವಸರ ಮಾಡಿದರು, ನಾನೂ ಬಾಯಿ ಮುಚ್ಚಿಕೊಂಡು ಹೊಡೆದೆ. ಎರಡನೆಯ ಮಳೆಗಾಲಕ್ಕೆ ಎಡಗಡೆಯ ಕುದುರೆಯ ಹೊಟ್ಟೆಯಲ್ಲಿ ಹೊಪ್ಪಳೆ ಎದ್ದವು. ಮೂರನೆಯದಕ್ಕೆ ಅರ್ಜುನನ ಮೂಗು ಕಳಚಿತು. ಉಳಿದ ಹಣ ಕೇಳಲು ಹೋದರೆ ಮೂಗನ್ನು ತೋರಿಸಿದರು. ಆ ದಿನದಿಂದ ನಾನು ಗೋಡೆಗೆ ಅಂಗೈ ಇಟ್ಟು, ಕೆನ್ನೆ ಇಟ್ಟು ನೋಡದೆ ಡಬ್ಬಿ ತೆರೆದವನಲ್ಲ.

ಇದನ್ನು ಹೇಳಲು ಕಾರಣವಿದೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯಲ್ಲಿ ಉಪ್ಪು ನಿಲ್ಲದ ಊರು ಇದು, ಕಪಾಟಿನಲ್ಲಿಟ್ಟ ಬೆಲ್ಟಿಗೆ ಹಸಿರು ಗಡ್ಡ ಬೆಳೆಯುವ ಊರು. ಇಂಥಲ್ಲಿ ಸಮುದ್ರದ ಗಾಳಿಗೆ ಎದೆ ಕೊಟ್ಟ ಗುಡ್ಡದ ನೆತ್ತಿಯಲ್ಲಿ, ಹೆಂಚಿನ ಮಾಡಿನ ಕೆಳಗೆ, ನೂರ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಈ ಬಣ್ಣ ನಿಂತಿದೆ. ನನ್ನ ಮಟ್ಟಿಗೆ ಇಲ್ಲಿನ ಪವಾಡ ಚಿತ್ರದಲ್ಲಿಲ್ಲ, ಇದರಲ್ಲಿದೆ.

ಬಿದ್ದು ಹೋಗಬಾರದೆಂದು ನೋಡಿಕೊಂಡವರೂ ಇದ್ದಾರೆ. 1991ರಿಂದ 1994ರವರೆಗೆ ಹಳೆಯ ಕಟ್ಟಡ, ಕಲೆಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದವರು ಬಂದು ಚಿತ್ರಗಳನ್ನು ಸಂರಕ್ಷಿಸಿದರು. ಲೆಕ್ಕ ನೋಡಿ: ಬರೆಯಲು ಎರಡೂವರೆ ವರ್ಷ, ಉಳಿಸಲು ಮೂರು. ಮನೆಗೆ ಬಣ್ಣ ಹೊಡೆಸುವಾಗ "ಹಳೆಯದನ್ನು ಕೆರೆಯುವುದಕ್ಕೂ ಕೂಲಿಯೇ?" ಎಂದು ಕೇಳುವ ಯಜಮಾನರಿಗೆಲ್ಲ ಈ ಮಾತನ್ನು ತಿಳಿಸಲು ಆಸೆ.

ಹತ್ತಿರದಿಂದ ನೋಡಿದ ಒಂದು ಸಂಗತಿ. ಕಣ್ಣಿನ ಎತ್ತರದಲ್ಲಿ ಗೋಡೆಯ ಒಂದು ಅಂಚುಪಟ್ಟಿ ಉಬ್ಬಿ ನಿಂತ ಹಾಗೆ ಕಂಡಿತು, ಗಾರೆಯಲ್ಲಿ ಎಬ್ಬಿಸಿದ ಪಟ್ಟಿಯ ಹಾಗೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು (ಕಟ್ಟಿಕೊಳ್ಳದಿದ್ದರೆ ನನ್ನ ಕೈ ತಾನಾಗಿಯೇ ಹೋಗುತ್ತದೆ) ಪಕ್ಕಕ್ಕೆ ಬಂದು ಗೋಡೆಯ ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿದೆ, ನಾವು ನೂಲು ಹೊಡೆದ ಗೆರೆ ನೋಡುವ ಹಾಗೆ. ಉಬ್ಬೂ ಇಲ್ಲ, ತಗ್ಗೂ ಇಲ್ಲ, ಚಪ್ಪಟೆ. ಒಂದು ಬದಿಗೆ ಬೆಳಕಿನ ಸಣ್ಣ ಎಳೆ, ಇನ್ನೊಂದು ಬದಿಗೆ ಕಂದು ನೆರಳಿನ ಎಳೆ, ನಡುವೆ ಮೈಬಣ್ಣ, ಅಷ್ಟೆ. ಬೋರ್ಡಿನ ಅಕ್ಷರಕ್ಕೆ ನಾವು ‘ಶೇಡ್’ ಕೊಡುವುದೂ ಹೀಗೆಯೇ, ಎಡಕ್ಕೆ ಬೆಳಕು, ಬಲಕ್ಕೆ ಕತ್ತಲು. ನಾನು ಜೀವಮಾನ ಪೂರ್ತಿ ಮಾಡಿದ್ದು ಇದೇ ಮೋಸ. ಆದರೆ ನನ್ನ ‘ಶ್ರೀ ಗಣೇಶ ಬಟ್ಟೆ ಮಳಿಗೆ’ಯ ನೆರಳು ಎಲ್ಲ ಹೊತ್ತಿನಲ್ಲೂ ಒಂದೇ ಕಡೆಗೆ ಬೀಳುತ್ತಿತ್ತು, ಅಂಗಡಿಯ ದೀಪ ಎಲ್ಲಿದ್ದರೂ. ಇಲ್ಲಿ ನಾನು ನೋಡಿದ ಪಟ್ಟಿಯ ಬೆಳಕು ಅದರ ಪಕ್ಕದ ನಿಜವಾದ ಕಿಟಕಿಯ ಕಡೆಗೇ ಇತ್ತು. ಅದಕ್ಕೇ ಕಣ್ಣು ಮೋಸಹೋದದ್ದು. ಒಂದು ದಿನದ ಗಾರೆ ಮುಗಿದು ಮರುದಿನದ್ದು ಶುರುವಾಗುವ ಬೆಸುಗೆಯ ಗೆರೆಯನ್ನೂ ಹುಡುಕಿದೆ. ನಿಂತ ದೂರದಿಂದ ನನ್ನ ಕನ್ನಡಕಕ್ಕೆ ಸಿಗಲಿಲ್ಲ.

ಒಳಗೆ ಫೋಟೊ ತೆಗೆಯುವಂತಿಲ್ಲ. ಇದನ್ನು ಕೊರತೆ ಎಂದು ಬೈಯುವವರಿದ್ದಾರೆ, ನಾನು ಇದಕ್ಕೇ ಅರ್ಧ ಅಂಕ ಹೆಚ್ಚು ಕೊಡುತ್ತೇನೆ. ಮೊಬೈಲು ಕಿಸೆಗೆ ಹೋದರೆ ಮಾತ್ರ ಜನ ಕತ್ತೆತ್ತುತ್ತಾರೆ.

ಚರಿತ್ರೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಈ ಗೋಡೆ ಇಲ್ಲಿ ಏಕಿದೆ ಎನ್ನುವುದಕ್ಕೆ ಅದೇ ಉತ್ತರ. ಮಂಗಳೂರಿನ ಕ್ರೈಸ್ತರು ತಮ್ಮ ಮಕ್ಕಳಿಗೆ ಒಂದು ಕಾಲೇಜು ಬೇಕು, ಅದಕ್ಕೆ ಜೆಸ್ವಿತರನ್ನು ಕಳಿಸಿ ಎಂದು ರೋಮಿಗೆ ಮನವಿಯ ಮೇಲೆ ಮನವಿ ಬರೆದಿದ್ದರು. 1878ರ ಡಿಸೆಂಬರ್ 31ಕ್ಕೆ ಇಟಲಿಯ ವೆನಿಸ್ ಪ್ರಾಂತದ ಜೆಸ್ವಿತರು ಬಂದಿಳಿದರು. ಕಂಕನಾಡಿಯ ಆಸ್ಪತ್ರೆಗೆ ಹೆಸರಾದ ಫಾದರ್ ಮುಲ್ಲರ್ ಅವರೂ ಆ ತಂಡದವರೇ. 1880ರ ಜನವರಿಯಲ್ಲಿ ಕೊಡಿಯಾಲಬೈಲಿನಲ್ಲಿ ಪಾಠ ಶುರು. ಊರಿನ ಲೋಬೊ ಪ್ರಭು ಮನೆತನ ಗುಡ್ಡದ ಮೇಲೆ ಜಾಗ ಕೊಟ್ಟಿತು, 1885ರ ಹೊತ್ತಿಗೆ ಕಾಲೇಜು ಇಲ್ಲಿಗೆ ಬಂತು. ಚಾಪೆಲ್ಲಿನ ಕಟ್ಟಡವೂ ಆ ದಶಕದ್ದೇ. ಅಂದರೆ ಮೊಸ್ಕೇನಿಯವರು ಬರುವವರೆಗೆ ಹತ್ತು ಹದಿನೈದು ವರ್ಷ ಈ ಗೋಡೆ ಬರಿಗೋಡೆಯಾಗಿತ್ತು. ಆ ಬರಿಗೋಡೆಯ ಎದುರು ಪ್ರಾರ್ಥನೆ ಮಾಡಿ, ಪಾಸಾಗಿ ಹೋದ ಹುಡುಗರು ಮುಂದೆ ಗುಮಾಸ್ತರೋ ವಕೀಲರೋ ಆಗಿ ತಿರುಗಿ ಬಂದು ಒಳಗೆ ಇಣುಕಿದಾಗ ಏನೆಂದುಕೊಂಡಿರಬಹುದು?

ನಾನು ಈ ಜಾಗವನ್ನು ಮೊದಲೆಲ್ಲ ‘ಇಗರ್ಜಿ’, ಅಂದರೆ ಚರ್ಚು, ಎನ್ನುತ್ತಿದ್ದೆ. ನನ್ನ ಜೊತೆ ಇಪ್ಪತ್ತು ವರ್ಷ ಮರಗೆಲಸ ಮಾಡಿದ ಕ್ರೈಸ್ತ ಗೆಳೆಯರೊಬ್ಬರು ತಿದ್ದಿದರು. "ಅದು ಇಗರ್ಜಿ ಅಲ್ಲ, ಚಾಪೆಲ್. ಇಗರ್ಜಿ ಎಂದರೆ ಅದಕ್ಕೆ ಫಿರ್ಗಜ್ ಇರಬೇಕು, ಅಂದರೆ ಅದಕ್ಕೆ ಸೇರಿದ ಕುಟುಂಬಗಳು. ನಡೆಸಲು ಪಾದ್ರಿ ವಿಗಾರರು ಬೇಕು, ಮನೆಗಳ ಗುಂಪಾದ ವಾಡೆ ಬೇಕು, ವಾಡೆಗೊಬ್ಬ ಮುಖಂಡ ಗುರ್ಕಾರ ಬೇಕು. ಹುಟ್ಟಿದವರ, ಮದುವೆಯಾದವರ, ಸತ್ತವರ ಹೆಸರು ಬರೆಯುವ ಪುಸ್ತಕ ಬೇಕು. ನಾನು ಸತ್ತರೆ ನನ್ನನ್ನು ಮಣ್ಣು ಮಾಡುವುದು ಪುತ್ತೂರಿನ ಮಾಯಿ ದೆ ದೇವುಸ್ ಇಗರ್ಜಿಯಲ್ಲಿ, ಅಲೋಶಿಯಸಿನಲ್ಲಿ ಅಲ್ಲ." ಸರಿಯಾದ ಮಾತು. ಗುಡ್ಡದ ಬುಡದಲ್ಲಿ 1680ರಷ್ಟು ಹಿಂದಿನ ಮಿಲಾಗ್ರಿಸ್ ಇಗರ್ಜಿ ಇದೆ. ಅದಕ್ಕೆ ತಲೆತಲಾಂತರದ ಕುಟುಂಬಗಳಿವೆ. ಮೇಲಿನ ಈ ಚಾಪೆಲ್ಲಿಗೆ ಹಾಗೆ ಒಕ್ಕಲು ಇಲ್ಲ. ಇದರ ಜನ ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಜೂನ್‌ನಲ್ಲಿ ಬಂದವರು ಮೂರನೆಯ ವರ್ಷ ಅಂಕಪಟ್ಟಿ ತೆಗೆದುಕೊಂಡು ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ. ಬರುವವರಲ್ಲಿ ಎಲ್ಲ ಧರ್ಮದವರೂ ಇದ್ದಾರೆ, ನನ್ನ ಮೊಮ್ಮಗಳ ಹಾಗೆ. ಮನೆಗೆ ಹೋದ ಮೇಲೆ ಈ ಗೋಡೆಯನ್ನು ನೆನಪಿಟ್ಟುಕೊಂಡವರು, ಇಡದವರು, ಎಲ್ಲ ಸೇರಿಯೇ ಇದರ ಫಿರ್ಗಜ್.

ನಾನು ಕುಳಿತಿದ್ದಾಗ ಒಬ್ಬ ಹುಡುಗ ಬಂದ. ಬೆನ್ನಿಗೆ ಚೀಲ, ಕೈಯಲ್ಲಿ ಪ್ರಯೋಗಾಲಯದ ರೆಕಾರ್ಡ್ ಪುಸ್ತಕ. ಎಂಟು ನಿಮಿಷ ಕುಳಿತ. ಒಮ್ಮೆಯೂ ತಲೆ ಎತ್ತಲಿಲ್ಲ. ಕಣ್ಣು ಮುಚ್ಚಿಕೊಂಡಿದ್ದು ಎದ್ದು ಹೋದ. ಇಷ್ಟು ದೂರದಿಂದ ನಾವೆಲ್ಲ ಟಿಕೆಟು ಮಾಡಿಕೊಂಡು ನೋಡಲು ಬರುವುದನ್ನು ಅವನು ನೋಡದೆಯೇ ಹೋದನಲ್ಲ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಅನ್ನಿಸಿತು, ಇಬ್ಬರಲ್ಲಿ ಚಾಪೆಲ್ಲಿಗೆ ಬಂದವನು ಅವನೇ, ನಾನು ಬಂದದ್ದು ಗೋಡೆಗೆ.

ಆವರಣದಲ್ಲಿಯೇ ಅಲೋಸಿಯಂ ಎಂಬ ವಸ್ತುಸಂಗ್ರಹಾಲಯವೂ ಇದೆ, 1913ರಷ್ಟು ಹಳೆಯದು. ತಿಮಿಂಗಿಲದ ಅಸ್ಥಿಪಂಜರ, ಹಳೆಯ ನಾಣ್ಯಗಳು, ಮಂಗಳೂರಿನ ಮೊದಲ ಕಾರು ಎನ್ನುವ 1906ರ ಫ್ರೆಂಚ್ ಡಿ ಡಿಯೊನ್ ಬುಟಾನ್. ಮಕ್ಕಳಿದ್ದರೆ ಕರೆದುಕೊಂಡು ಹೋಗಿ. ನನಗೆ ಗೋಡೆ ನೋಡಿದ ಕಣ್ಣಿಗೆ ಬೇರೆ ಏನೂ ಹತ್ತಲಿಲ್ಲ, ಬೇಗ ಹೊರಗೆ ಬಂದೆ. ಚಿತ್ರಗಳಿಗೆ ನೂರು ತುಂಬಿದಾಗ, 2001ರಲ್ಲಿ, ಅಂಚೆ ಇಲಾಖೆ ಒಂದು ಚೀಟಿ ಹೊರಡಿಸಿತ್ತು. ಸಂಗ್ರಹ ಮಾಡುವವರಲ್ಲಿ ಕೇಳಿ ನೋಡಿ.

ಮೊಸ್ಕೇನಿಯವರ ಮುಂದಿನ ಕಥೆ ಕೇಳಿ ಮನಸ್ಸು ಭಾರವಾಯಿತು. ಇಲ್ಲಿಂದ ಕೊಚ್ಚಿಗೆ ಕರೆ ಬಂತು, ಫೋರ್ಟ್ ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಗೆ ಬರೆಯಲು. ಅದರ ಪ್ರತಿಷ್ಠೆ 1905ರ ನವೆಂಬರ್ 19ಕ್ಕೆ ನಿಗದಿಯಾಗಿತ್ತು. ನಾಲ್ಕು ದಿನ ಮೊದಲು, 15ರಂದು, ಆಮಶಂಕೆಯಿಂದ ತೀರಿಕೊಂಡರು. ಐವತ್ತೊಂದು ವರ್ಷ. ಬೇರೆಯವರು ಅಟ್ಟಳಿಗೆ ಬಿಚ್ಚಿ, ನೆಲ ತೊಳೆದು, ಬಾಗಿಲು ತೆರೆದಿರಬೇಕು. ನಮ್ಮ ಕಸುಬಿನವರಿಗೆ ಉದ್ಘಾಟನೆಯ ದಿನ ಬೆನ್ನ ಸಾಲಿನಲ್ಲಿ ನಿಂತು, ಜನ ಕತ್ತೆತ್ತುವುದನ್ನು ಕದ್ದು ನೋಡುವ ಒಂದು ಚಟವಿದೆ. ಅದೂ ಅವರಿಗೆ ಸಿಗಲಿಲ್ಲ.

ಹೋಗುವವರಿಗೆ ಇಷ್ಟು. ಬೆಳಿಗ್ಗೆ ಹೋಗಿ, ಬೆಳಕು ಇನ್ನೂ ಎಳೆಯದಾಗಿರುವಾಗ. ನಾನು ಹತ್ತು ಗಂಟೆಯ ಒಳಗೆ ಹೋಗಿದ್ದೆ, ಹನ್ನೊಂದರ ಹೊತ್ತಿಗೆ ಗುಂಪುಗಳು ಬರತೊಡಗಿದವು. ಪೂಜೆಯ ಹೊತ್ತಿನಲ್ಲಿ ಒಳಗೆ ಓಡಾಡಬೇಡಿ. ಭಾನುವಾರ ಅಥವಾ ಹಬ್ಬದ ದಿನ ಹೊರಟಿದ್ದರೆ ಮೊದಲೇ ವಿಚಾರಿಸಿಕೊಳ್ಳಿ. ಕತ್ತು ನೋವಿನವರು ಹಿಂದಿನ ಬೆಂಚು ಹಿಡಿಯಿರಿ, ಅಲ್ಲಿಂದ ಹೆಚ್ಚು ಬಾಗದೆ ಚಾವಣಿ ಕಾಣುತ್ತದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. ಐದಕ್ಕೆ ಐದು ಅಂಕ, ಏರಿಗೆ ಕಳೆದ ಅರ್ಧವನ್ನು ಫೋಟೊ ನಿಷೇಧಕ್ಕೆ ಕೊಟ್ಟ ಅರ್ಧದಿಂದ ಸರಿಮಾಡಿಕೊಂಡು.

ಹೊರಡುವಾಗ ಮೊಮ್ಮಗಳು "ಮತ್ತೆ ಯಾವಾಗ ಬರುತ್ತೀರಿ ಅಜ್ಜ?" ಎಂದಳು. "ಜುಲೈ" ಎಂದೆ. "ಅಯ್ಯೋ, ಆ ಮಳೆಗೆ ಯಾರಾದರೂ ಬರುತ್ತಾರಾ?" ಎಂದು ನಕ್ಕಳು. ನಾನು ಬರುವುದು ಮಳೆಗಾಗಿಯೇ. ಮೂರು ದಿನ ಬಿಡದೆ ಸುರಿದ ಮೇಲೆ ಆ ಗೋಡೆಯ ಪಕ್ಕ ನಿಂತು, ಮುಟ್ಟದೆ, ಕೆನ್ನೆಯನ್ನು ಅಷ್ಟು ಹತ್ತಿರ ತಂದು, ಅದು ಬೆವರುತ್ತದೆಯೇ ಎಂದು ನೋಡಬೇಕು.